ಅಕ್ಕನ ನಾಯಿಗೆ ಕಟ್ಟಿದ ದೀಪಗಳು

ಇಪ್ಪತ್ತಾರು ವರ್ಷಗಳಿಂದ ನಾನು ಸರ್ಕ್ಯೂಟ್ ಬೋರ್ಡುಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಈ ಕೆಲಸದಿಂದ ನನ್ನ ಸ್ವಭಾವ ಕೆಟ್ಟಿತೋ, ಸ್ವಭಾವ ಮೊದಲೇ ಹಾಗಿದ್ದುದರಿಂದ ಈ ಕೆಲಸ ಒಗ್ಗಿತೋ ಹೇಳಲಾರೆ. ಬೆಳಿಗ್ಗೆ ಪುಣೆಯ ಖರಾಡಿಯಲ್ಲಿ ಕಂಪನಿಯ ಬಸ್ಸು ಹತ್ತಿ ಶಿರೂರು ರಸ್ತೆಯ ಕಾರ್ಖಾನೆಗೆ ಹೋಗುತ್ತೇನೆ, ಸಂಜೆ ಅದೇ ಬಸ್ಸಿನಲ್ಲಿ ತೂಕಡಿಸುತ್ತ ವಾಪಸು ಬರುತ್ತೇನೆ. ಮನೆಯಲ್ಲಿ ಅಕ್ಕ ಇರುತ್ತಾಳೆ. ಮದುವೆ ನಮ್ಮ ಅಕ್ಕತಂಗಿಯರಿಬ್ಬರಿಗೂ ಕೂಡಿಬರಲಿಲ್ಲ. ಅದಕ್ಕಾಗಿ ಮರುಗುವವರು ಯಾರಾದರೂ ಬಂದರೆ ಚಹಾ ಕೊಟ್ಟು ಬೇಗ ಕಳಿಸಿಬಿಡುತ್ತೇವೆ.

ಅಕ್ಕನಿಗೆ ಕಿವಿ ಕೇಳುವುದಿಲ್ಲ. ಧಾರವಾಡದಲ್ಲಿದ್ದಾಗ, ಎಂಟನೆಯ ವಯಸ್ಸಿನಲ್ಲಿ ಬಂದ ಜ್ವರವೊಂದು ಕಿವಿಯನ್ನು ಕಿತ್ತುಕೊಂಡು ಹೋಯಿತು. ಅಷ್ಟರಲ್ಲಿ ಮಾತು ಬಂದಿತ್ತು, ಅದು ಉಳಿಯಿತು. ಹಾಗಾಗಿ ಅರವತ್ತರ ಹತ್ತಿರ ಬಂದಿರುವ ನನ್ನ ಅಕ್ಕ ಇವತ್ತಿಗೂ ಆ ಎಂಟು ವರ್ಷದ ಹುಡುಗಿಯ ಕನ್ನಡವನ್ನೇ ಆಡುತ್ತಾಳೆ, ಸ್ವಲ್ಪ ಗಟ್ಟಿಯಾಗಿ, ಏರಿಳಿತವಿಲ್ಲದೆ. ತುಟಿ ನೋಡಿ ನಮ್ಮ ಮಾತು ತಿಳಿದುಕೊಳ್ಳುತ್ತಾಳೆ, ಆದರೆ ಕನ್ನಡದ ತುಟಿ ಮಾತ್ರ. ಪುಣೆಗೆ ಬಂದು ಇಪ್ಪತ್ತು ವರ್ಷ ದಾಟಿದರೂ ಮರಾಠಿ ಅವಳಿಗೆ ಹತ್ತಲಿಲ್ಲ. “ಇವರೇನ್ ಮಾತಾಡ್ತಾರ, ಸುಮ್ಮನ ಏನೋ ಅಗೀತಾರ” ಎನ್ನುತ್ತಾಳೆ.

ರವಕೆ ಹೊಲಿಯುವುದು ಅವಳ ಕಸುಬು. ಬಂದವರು ಅಳತೆಗೆಂದು ಹಳೆಯ ರವಕೆ ಕೊಟ್ಟು ಹೋಗುತ್ತಾರೆ, ಮಾತಿನ ಅಗತ್ಯ ಬೀಳುವುದಿಲ್ಲ. ಬಿದ್ದರೆ ನಾನಿದ್ದೇನೆ. ಬ್ಯಾಂಕಿನವರು, ಆಸ್ಪತ್ರೆಯವರು, ಸೊಸೈಟಿಯ ಸೆಕ್ರೆಟರಿ, ಎಲ್ಲರ ಮಾತೂ ನನ್ನ ತುಟಿಯ ಮೇಲೆ ಹಾದೇ ಅಕ್ಕನನ್ನು ಮುಟ್ಟಬೇಕು. ಹಾಯುವಾಗ ನಾನು ಒಂದಿಷ್ಟು ಸೋಸುತ್ತೇನೆ. ಸೆಕ್ರೆಟರಿ ಹತ್ತು ಮಾತು ಬೈದರೆ ಎರಡು ಹೇಳುತ್ತೇನೆ. ನಮ್ಮ ಅಪ್ಪ, ಅವ್ವ ಕೂಡ ಹಾಗೆಯೇ ಮಾಡುತ್ತಿದ್ದರು. ಕೇಳಿಸದವಳಿಗೆ ನೋವಿನ ಮಾತನ್ನು ಯಾಕೆ ಪೂರ್ತಿ ಹೇಳಬೇಕು ಎನ್ನುವುದು ಮನೆಯ ಪದ್ಧತಿಯಾಗಿತ್ತು, ಅದನ್ನು ನಾವು ಪ್ರೀತಿ ಎಂದುಕೊಂಡಿದ್ದೆವು.

ನಾಯಿ ಬಂದದ್ದು ಪಕ್ಕದ ಕಟ್ಟಡದಿಂದ. ಆ ಕಟ್ಟಡದ ಕೆಲಸಕ್ಕೆ ಬಂದ ಯಾದಗಿರಿ ಕಡೆಯ ಕೂಲಿಯವರು ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಕೆಲಸ ಮುಗಿದು ಅವರು ಟೆಂಪೋ ಹತ್ತುವ ದಿನ ಒಬ್ಬ ಹೆಣ್ಣುಮಗಳು ಕಂದುಬಣ್ಣದ ಮರಿಯೊಂದನ್ನು ತಂದು ಅಕ್ಕನ ಮಡಿಲಿಗೆ ಹಾಕಿದಳು. “ಅಕ್ಕಾರ, ಗಾಡ್ಯಾಗ ಇದಕ ಜಾಗ ಇಲ್ಲರಿ. ನಿಮ್ಮ ಬಲ್ಲಿ ಇರಲಿ” ಎಂದಳು. ಅವಳ ತುಟಿಯ ಮೇಲಿದ್ದದ್ದು ಕನ್ನಡ, ಆದ್ದರಿಂದ ಅಕ್ಕನಿಗೆ ಯಾರ ಸಹಾಯವೂ ಬೇಕಾಗಲಿಲ್ಲ. ನಾನು ಸಂಜೆ ಮನೆಗೆ ಬರುವಷ್ಟರಲ್ಲಿ ಮರಿ ಹೊಲಿಗೆ ಯಂತ್ರದ ಕೆಳಗೆ ಚಿಂದಿಯ ಮೇಲೆ ಮಲಗಿತ್ತು, ಅದಕ್ಕೆ ‘ತಮ್ಮಾ’ ಎಂದು ಕರೆಯುವುದೂ ನಿಶ್ಚಯವಾಗಿತ್ತು. ನಾನು ಕೂಗಾಡಿದೆ. ಅಕ್ಕ ಕಣ್ಣು ಮುಚ್ಚಿಕೊಂಡಳು. ಅವಳು ಕಣ್ಣು ಮುಚ್ಚಿದರೆ ನಾನು ಎಷ್ಟು ಕೂಗಿದರೂ ವ್ಯರ್ಥ.

ಒಂಬತ್ತು ವರ್ಷ ತಮ್ಮ ಅವಳ ಕಿವಿಯಾಗಿದ್ದ. ಬಾಗಿಲ ಗಂಟೆ ಬಾರಿಸಿದರೆ ಎದ್ದು ಹೋಗಿ ಅವಳ ಸೀರೆಯ ಸೆರಗು ಎಳೆಯುತ್ತಿದ್ದ. ಕುಕ್ಕರು ಕೂಗಿದರೂ ಎಳೆಯುತ್ತಿದ್ದ. ಹತ್ತನೆಯ ವರ್ಷ ಅವನಿಗೆ ಕೆಮ್ಮು ಹತ್ತಿತು, ಎರಡು ಮೆಟ್ಟಿಲು ಹತ್ತಿದರೆ ನಾಲಿಗೆ ಚಾಚಿ ಕೂತುಬಿಡುವನು. ನಾಯಿಯ ಡಾಕ್ಟರರ ಬಳಿ ಕರೆದುಕೊಂಡು ಹೋದೆವು. ಡಾಕ್ಟರು ಚುರುಕಾದ ಮರಾಠಿ ಹೆಂಗಸು. ತಮ್ಮನ ಎದೆಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿ, ಎಕ್ಸ್‌ರೇ ತೆಗೆಸಿ ನೋಡಿ, ಮರಾಠಿಯಲ್ಲಿ ವಿವರಿಸಿದರು. ಹೃದಯದ ಕವಾಟ ಸಡಿಲಾಗಿದೆ, ಹೃದಯ ಊದಿಕೊಂಡಿದೆ. ಮಾತ್ರೆಯಿಂದ ಸ್ವಲ್ಪ ಕಾಲ ತಳ್ಳಬಹುದು. ಆದರೆ ಬಡಿತ ಹಾದಿ ತಪ್ಪಬಾರದು. ದಿನವೂ ಮುಂಗಾಲಿನ ಹಿಂದೆ, ಎಡಪಕ್ಕೆಗೆ ಕೈ ಇಟ್ಟು ಎಣಿಸಿ. ಬಡಿತ ಓಡತೊಡಗಿದರೆ, ತಡವರಿಸಿದರೆ ತಕ್ಷಣ ಕರೆತನ್ನಿ. ತಡಮಾಡಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರುಕಟ್ಟಿ ಹೋಗುತ್ತಾನೆ.

ನಾನು ಅಕ್ಕನ ಕಡೆ ತಿರುಗಿ ಹೇಳಿದೆ: “ಎದಿ ಸ್ವಲ್ಪ ಸಡಿಲ ಆಗೇದಂತ. ಗುಳಿಗಿ ಕೊಟ್ಟಾರ. ದಿನಾ ಬಡಿತ ಎಣಸಬೇಕಂತ.” ಉಸಿರುಕಟ್ಟುವ ಮಾತನ್ನು ಬಿಟ್ಟೆ.

ಎಣಿಸುವುದು ಅಕ್ಕನಿಂದ ಆಗಲಿಲ್ಲ. ಸಕ್ಕರೆ ಕಾಯಿಲೆಯಿಂದ ಅವಳ ಬೆರಳ ತುದಿಗಳು ಜೋಮು ಹಿಡಿದಿವೆ. ಸೂಜಿ ಚುಚ್ಚಿದ್ದು ರಕ್ತ ಕಂಡ ಮೇಲೆ ಗೊತ್ತಾಗುತ್ತದೆ. ತಮ್ಮನ ದಟ್ಟ ಕೂದಲಿನೊಳಗೆ ಕೈಯಿಟ್ಟು ಅರ್ಧ ಗಂಟೆ ಕೂತು, ನನ್ನನ್ನು ನೋಡಿ, “ನನಗೇನೂ ಹತ್ತವಲ್ದು. ಅಂವಾ ಅದಾನೋ ಇಲ್ಲೋ ಅನ್ನೂದು ಬರೇ ಹೊಟ್ಟಿ ನೋಡಿ ತಿಳೀಬೇಕೇನು?” ಎಂದಳು. ನಾನು ದಿನಕ್ಕೆ ಹತ್ತು ಗಂಟೆ ಮನೆಯಲ್ಲಿ ಇರುವುದಿಲ್ಲ. ಆ ಹತ್ತು ಗಂಟೆ ಅವಳು ತನಗೆ ಕೇಳಿಸದ, ಮುಟ್ಟಿದರೂ ತಿಳಿಯದ ಒಂದು ಎದೆಯನ್ನು ಕಾಯುತ್ತ ಕೂರಬೇಕಿತ್ತು. ಅವಳಿಗೆ ಕಣ್ಣು ಇದೆಯಲ್ಲ, ಕಣ್ಣಿಗೆ ಕಾಣುವ ಹಾಗೆ ಮಾಡಿಕೊಡೋಣ ಎಂದು ನನಗೆ ಹೊಳೆದದ್ದು ಬಸ್ಸಿನಲ್ಲಿ.

ಕೈಗಡಿಯಾರಗಳಲ್ಲಿ ಇರುತ್ತದಲ್ಲ, ಚರ್ಮದ ಮೇಲೆ ಬೆಳಕು ಬಿಟ್ಟು ನಾಡಿ ಎಣಿಸುವ ಸೆನ್ಸರು, ಮೊದಲು ಅದನ್ನೇ ತಂದೆ. ನಾಯಿಯ ಕೂದಲಿನಲ್ಲಿ ಅದು ಕುರುಡಾಯಿತು. ಮುಂದಿನ ಭಾನುವಾರ, ಎಲೆಕ್ಟ್ರಾನಿಕ್ ಸಾಮಾನು ಸಿಗುವ ಬುಧವಾರ ಪೇಟೆ ಎಂಬ ಬೀದಿಗೆ ಹೋಗಿ ಎದೆಯ ವಿದ್ಯುತ್ ಸಂಕೇತ ಹಿಡಿಯುವ ಚಿಕ್ಕ ಬೋರ್ಡು, ಒಂದು ಪುಟ್ಟ ಕಂಟ್ರೋಲರು, ಚಪ್ಪಟೆ ಬ್ಯಾಟರಿ, ಏಳು ಕೆಂಪು ಎಲ್‌ಇಡಿ ಕೊಂಡೆ. ಅಂಗಡಿಯವನು ಮಗನ ಶಾಲೆಯ ಪ್ರಾಜೆಕ್ಟಾ ಎಂದು ಕೇಳಿದ. ಹೌದು, ಮಗನಿಗೆ ನಾಲ್ಕು ಕಾಲು ಎಂದೆ. ಅವನು ನಗಲಿಲ್ಲ, ಬಿಲ್ಲು ಹರಿದು ಕೊಟ್ಟ.

ಬೆಲ್ಟನ್ನು ಹೊಲಿಯುವ ಕೆಲಸ ಅಕ್ಕನದು. ಕರೆಂಟು ಹರಿಯುವ ಉಕ್ಕಿನ ನೂಲನ್ನು ಅವಳಿಗೆ ಕೊಟ್ಟು, ಕಾಗದದ ಮೇಲೆ ಗೆರೆ ಎಳೆದು, ಈ ಎರಡು ಗೆರೆ ಎಲ್ಲೂ ಒಂದನ್ನೊಂದು ಮುಟ್ಟಬಾರದು ಎಂದು ತುಟಿ ಬಿಡಿಸಿ ಬಿಡಿಸಿ ಹೇಳಿದೆ. ಅವಳು ಹಸಿರು ಖಣದ ಬಟ್ಟೆ ಆರಿಸಿಕೊಂಡಳು. ಒಳಗೆ ಮೆತ್ತನೆಯ ಅಸ್ತರು, ಪಕ್ಕೆಗೆ ತಾಗುವ ಕಡೆ ಲೋಹದ ಎಳೆಯ ಮೂರು ಬಟ್ಟೆ ತುಣುಕು, ಬೆನ್ನ ಮೇಲೆ ಸಾಲಾಗಿ ಏಳು ದೀಪ. ಹೊಲಿಗೆ ನೋಡಿ ನನಗೇ ಹೊಟ್ಟೆಕಿಚ್ಚಾಯಿತು. ಆದರೆ ಬ್ಯಾಟರಿ ಜೋಡಿಸಿದ ಕೂಡಲೇ ಏಳೂ ದೀಪ ಒಮ್ಮೆ ಮಿಣುಕಿ ಆರಿದವು, ಸುಟ್ಟ ವಾಸನೆ ಬಂತು, ಬ್ಯಾಟರಿ ಬಿಸಿಯಾಯಿತು.

ಇಪ್ಪತ್ತಾರು ವರ್ಷ ತಪ್ಪು ಹುಡುಕಿದ ನಾನು ಎರಡು ತಾಸು ಮೀಟರು ಹಿಡಿದುಕೊಂಡು ನನ್ನ ಬೆಸುಗೆಗಳನ್ನೆಲ್ಲ ಜಾಲಾಡಿದೆ. ಎಲ್ಲ ಸರಿಯಿತ್ತು. ಮೀಟರಿನ ಎರಡು ಕಡ್ಡಿಗಳ ನಡುವೆ ಕರೆಂಟು ಹರಿದರೆ ಅದರ ಚಿಕ್ಕ ದೀಪ ಹತ್ತುತ್ತದೆ, ಅಕ್ಕ ನನ್ನ ಪಕ್ಕದಲ್ಲೇ ಕೂತು ಅದನ್ನೇ ಗಮನಿಸುತ್ತಿದ್ದಳು. ಆಮೇಲೆ ನನ್ನ ಕೈಯಿಂದ ಎರಡೂ ಕಡ್ಡಿ ಕಸಿದು ಬೆಲ್ಟಿನ ಅಂಚಿನ ಈ ತುದಿಗೊಂದು, ಆ ತುದಿಗೊಂದು ಇಟ್ಟಳು. ದೀಪ ಹತ್ತಿತು. ಅಂದಕ್ಕಿರಲಿ ಎಂದು ಅವಳು ಬೆಲ್ಟಿನ ಸುತ್ತ ಅವ್ವನ ಮದುವೆ ಸೀರೆಯ ಜರಿ ಅಂಚು ಹಚ್ಚಿದ್ದಳು. ಅದು ಹಳೆಯ ಕಾಲದ ಬೆಳ್ಳಿಯ ಜರಿ. ನನ್ನ ಎರಡು ಗೆರೆಗಳನ್ನು ಅದೇ ಕೂಡಿಸಿಬಿಟ್ಟಿತ್ತು. ನಾನು ತಲೆ ಚಚ್ಚಿಕೊಂಡೆ. ಅಕ್ಕನಿಗೆ ಮಾತ್ರ ಖುಷಿ. “ಖರೇ ಜರೀನ ಅದ! ಅಪ್ಪ ಅವ್ವಗ ಮೋಸ ಮಾಡಿಲ್ಲ ಬಿಡು” ಎಂದಳು. ಅಂಚನ್ನು ಬಿಚ್ಚಲು ಅವಳು ಒಪ್ಪಲಿಲ್ಲ. ಕೊನೆಗೆ ನಾನೇ ನನ್ನ ನಕ್ಷೆ ಬದಲಿಸಿ ಒಂದು ಗೆರೆಯ ಕೆಲಸವನ್ನು ಆ ಜರಿಗೇ ವಹಿಸಿದೆ.

ತಮ್ಮನ ಪಕ್ಕೆಯಲ್ಲಿ ಮೂರು ಕಡೆ ಕೂದಲು ಬೋಳಿಸಿ, ಜೆಲ್ ಸವರಿ, ಬೆಲ್ಟು ಕಟ್ಟಿದೆವು. ಅವನು ತಿರುಗಿ ಮೂಸಿ, ಸುತ್ತು ಹಾಕಿ, ಬೇಸತ್ತು ಮಲಗಿದ. ಮಲಗಿದ ಮೇಲೆ ದೀಪ ಹತ್ತತೊಡಗಿದವು. ಬಡಿತಕ್ಕೊಮ್ಮೆ ಕುತ್ತಿಗೆಯಿಂದ ಬಾಲದ ಕಡೆಗೆ ಕೆಂಪು ಬೆಳಕು ಓಡಿಹೋಗುವುದು, ಆರುವುದು, ಮತ್ತೆ ಓಡುವುದು. ಅಕ್ಕ ಬಾಯಿಯ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದಳು. “ಇಷ್ಟ ಗಡಬಡಿ ಇರತದೇನು ಒಳಗ?” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಇದರ ಸಪ್ಪಳ ನನಗ ನೆನಪದ. ಅವ್ವನ ಎದಿಮ್ಯಾಲ ಮಕ್ಕೊಂಡಾಗ ಕೇಳತಿತ್ತು” ಎಂದಳು. ನನಗೆ ಅಳು ಬಂತು. ಸ್ಕ್ರೂ ಹುಡುಕುವ ನೆಪದಲ್ಲಿ ಬಗ್ಗಿದೆ.

ಅಂದಿನಿಂದ ಅವಳ ಹೊಲಿಗೆಗೆ ಮತ್ತೆ ವೇಗ ಬಂತು. ಯಂತ್ರದ ಪಕ್ಕದಲ್ಲಿ ತಮ್ಮ ಮಲಗಿರುತ್ತಿದ್ದ, ಅವಳು ಕಣ್ಣಂಚಿನಲ್ಲಿ ದೀಪ ನೋಡುತ್ತ ತೋಳು ಕೂಡಿಸುತ್ತಿದ್ದಳು. ಹತ್ತು ಹನ್ನೆರಡು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಕಾರ್ಖಾನೆಯಲ್ಲಿದ್ದಾಗ ನನಗೆ ಫೋನು ಬಂತು. ಪಕ್ಕದ ಮನೆಯ ಮರಾಠಿ ಅಜ್ಜಿ ಕಿರುಚುತ್ತಿದ್ದರು: ನಿಮ್ಮ ಅಕ್ಕ ಬಾಗಿಲು ಬಡಿದು ಅಳುತ್ತಿದ್ದಾರೆ, ಏನೆಂದು ತಿಳಿಯುತ್ತಿಲ್ಲ, ಬೇಗ ಬನ್ನಿ. ಕಾರ್ಖಾನೆಯಿಂದ ಸಿಕ್ಕ ರಿಕ್ಷಾ, ಜೀಪು ಹಿಡಿದು ಒಂದೂವರೆ ತಾಸಿನಲ್ಲಿ ಮನೆ ಮುಟ್ಟಿದೆ. ಅಕ್ಕ ನೆಲದ ಮೇಲೆ ಕೂತಿದ್ದಳು, ತಮ್ಮ ಅವಳ ಮುಖ ನೆಕ್ಕುತ್ತಿದ್ದ. ಬೆಲ್ಟು ಜಾರಿ ಹೊಟ್ಟೆಯ ಕಡೆ ಹೋಗಿ ದೀಪ ಆರಿದ್ದವು, ಅಷ್ಟೇ. ನಾಯಿ ನಿದ್ದೆಯಲ್ಲಿತ್ತು, ದೀಪ ಆರಿತ್ತು, ಅವಳು ಸತ್ತನೆಂದುಕೊಂಡಿದ್ದಳು. ಆಮೇಲೆ ಅವನು ಎದ್ದರೂ ಅವಳು ಅವನನ್ನು ಬಿಡದೆ ಹಿಡಿದುಕೊಂಡಿದ್ದಳು.

ಆ ಭಾನುವಾರ ನಾನು ಕಂಟ್ರೋಲರಿನ ಪ್ರೋಗ್ರಾಮನ್ನು ತಿದ್ದಿದೆ. ಸಂಕೇತ ತಪ್ಪಿದರೆ ದೀಪ ಆರುವುದು ಬೇಡ, ಹಿಂದಿನ ಅರ್ಧ ನಿಮಿಷದ ಬಡಿತದ ಲೆಕ್ಕದಲ್ಲೇ ಹತ್ತುತ್ತ ಇರಲಿ, ಸಂಕೇತ ಮತ್ತೆ ಸಿಕ್ಕಾಗ ನಿಜವಾದ ಬಡಿತಕ್ಕೆ ಹೊಂದಿಕೊಳ್ಳಲಿ. ಇದು ನಮ್ಮ ಕಸುಬಿನಲ್ಲಿ ಹೊಸದೇನಲ್ಲ. ಕಾರ್ಖಾನೆಯ ಮೀಟರುಗಳಲ್ಲೂ ಕೊನೆಯ ಸರಿಯಾದ ಅಂಕಿಯನ್ನು ಹಿಡಿದಿಟ್ಟುಕೊಳ್ಳುತ್ತೇವೆ. ಆದರೆ ಅಲ್ಲಿ ಪಕ್ಕದಲ್ಲೊಂದು ದೀಪ ಹತ್ತಿ, ಇದು ಹಳೆಯ ಅಂಕಿ ಎಂದು ಎಚ್ಚರಿಸುತ್ತದೆ. ಆ ದೀಪವಿಲ್ಲದ ಬೋರ್ಡು ನನ್ನ ಮೇಜಿಗೆ ಬಂದಿದ್ದರೆ ಕೆಂಪು ಚೀಟಿ ಅಂಟಿಸಿ ವಾಪಸು ಕಳಿಸುತ್ತಿದ್ದೆ. ಮನೆಯಲ್ಲಿ ಮಾತ್ರ ಆ ದೀಪವನ್ನು ಇಡಲಿಲ್ಲ. ಅಕ್ಕನಿಗೆ ಹೇಳಲೂ ಇಲ್ಲ. “ಈಗ ರಿಪೇರಿ ಆತು, ಇನ್ನ ಆರೂದಿಲ್ಲ” ಎಂದಷ್ಟೇ ಹೇಳಿದೆ.

ಒಂದು ತಿಂಗಳು ನೆಮ್ಮದಿಯಾಗಿ ಕಳೆಯಿತು. ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆಯೂ ಆಯಿತು. ಒಂದು ಸಂಜೆ ಮನೆಗೆ ಬಂದಾಗ ಅಕ್ಕ ಯಂತ್ರದ ಮುಂದೆ ಇರಲಿಲ್ಲ. ಕುರ್ಚಿಯ ಮೇಲೆ ತಲೆದಿಂಬು ಕೂರಿಸಿ, ಅದಕ್ಕೆ ತಮ್ಮನ ಬೆಲ್ಟು ಕಟ್ಟಿ, ಎದುರಿಗೆ ಕೂತಿದ್ದಳು. ದಿಂಬಿನ ಮೇಲೆ ಕೆಂಪು ದೀಪ ಓಡುತ್ತಿತ್ತು, ಆರುತ್ತಿತ್ತು, ಓಡುತ್ತಿತ್ತು.

“ನೋಡು, ದಿಂಬಿಗೂ ಜೀವ ಬಂದದ” ಎಂದಳು.

ಬೆಲ್ಟು ಒರೆಸಲೆಂದು ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದಳಂತೆ. ಅಲ್ಲಿಯೂ ಹತ್ತುತ್ತಿತ್ತಂತೆ. ನೂಲಿನ ಡಬ್ಬಿಗೆ ಸುತ್ತಿದಳಂತೆ, ಡಬ್ಬಿಗೂ ಬಡಿತ. ನಾನು ಏನೋ ವಿವರಿಸಲು ಹೋದೆ: ಅದು ಕೊನೆಯ ಲೆಕ್ಕ, ಸರಾಸರಿ, ಬೆಲ್ಟು ಜಾರಿದಾಗ ನೀನು ಹೆದರಬಾರದೆಂದು. ಅವಳು ಕಣ್ಣು ಮುಚ್ಚದೆ ಪೂರ್ತಿ ನೋಡಿದಳು.

“ಹಂಗಂದ್ರ ಈ ತಿಂಗಳದಾಗ ನಾ ನೋಡಿದ್ದು ಯಾವುದು ಅವನ ಎದಿ, ಯಾವುದು ನಿಂದು?”

ಸಿಕ್ಕಿಬಿದ್ದಾಗ ನನಗೆ ಸಿಟ್ಟು ಬರುತ್ತದೆ. “ನಾ ಯಾರ ಸಲುವಾಗಿ ಇಷ್ಟೆಲ್ಲಾ ಮಾಡೀನಿ? ನೀ ಅವತ್ತ ಹೆಂಗ ಅಳಕೋತ ಕೂತಿದ್ದಿ ನೆನಪದ ಇಲ್ಲ?” ಎಂದು ಕೂಗಿದೆ.

“ಅವ್ವ ಹೋದಾಗೂ ನನ್ನ ಸಲುವಾಗೇ ಮಾಡಿದ್ರಿ” ಎಂದಳು ಅಕ್ಕ.

ಆ ವಿಷಯವನ್ನು ಅವಳು ಎಂದೂ ಎತ್ತಿರಲಿಲ್ಲ. ಅವ್ವ ಧಾರವಾಡದ ಆಸ್ಪತ್ರೆಯಲ್ಲಿದ್ದಾಗ ಅಕ್ಕನನ್ನು ಇಲ್ಲಿ ಬಿಟ್ಟು ನಾನೊಬ್ಬಳೇ ಹೋಗಿದ್ದೆ. ದಿನಕ್ಕೊಮ್ಮೆ ವಿಡಿಯೊ ಕಾಲ್ ಮಾಡಿ, ಮುಖವನ್ನು ಬೆಳಕಿಗೆ ಹಿಡಿದು, ತುಟಿ ಬಿಡಿಸಿ, “ಅವ್ವ ಆರಾಮ ಅದಾಳ” ಎನ್ನುತ್ತಿದ್ದೆ. ಮೂರನೆಯ ದಿನ ಹಾಗೆ ಹೇಳುವಾಗ ಅವ್ವ ತೀರಿಕೊಂಡು ನಾಲ್ಕು ತಾಸಾಗಿತ್ತು. ಅಕ್ಕನನ್ನು ಕರೆಸಿಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳು ಬಂದು ಖಾಲಿ ಮಂಚ ನೋಡಿದಳು, ನನ್ನನ್ನು ಏನೂ ಕೇಳಲಿಲ್ಲ. ಕೇಳದಿದ್ದುದನ್ನು ನಾನು ಕ್ಷಮೆ ಎಂದುಕೊಂಡು ಹನ್ನೊಂದು ವರ್ಷ ಹಾಯಾಗಿದ್ದೆ.

“ನನಗ ನಿನ್ನ ತುಟಿ ಬಿಟ್ರ ಬ್ಯಾರೆ ದಾರಿ ಇಲ್ಲ. ಅದಕ್ಕ ನಂಬೀನಿ. ಈ ದೀಪ ಬಂದಾಗ ಅಂದ್ಕೊಂಡೆ, ಇದೊಂದು ನಡುವ ಯಾರೂ ಇಲ್ಲದ ನನಗ ಹೇಳ್ತದ ಅಂತ. ಅದರಾಗೂ ನೀ ಹೊಕ್ಕೊಂಡಿ” ಎಂದಳು. ಬೆಲ್ಟು ಬಿಚ್ಚಿ ನನ್ನ ಮಡಿಲಿಗೆ ಹಾಕಿ ಮುಖ ತಿರುಗಿಸಿ ಹೊಲಿಯಲು ಕೂತಳು. ಬೆನ್ನಿಗೆ ಏನು ಹೇಳಿದರೂ ಅವಳಿಗೆ ಮುಟ್ಟುವುದಿಲ್ಲ. ತಪ್ಪಾಯಿತು ಎಂದೆ. ಬೆನ್ನಿಗೇ ಹೇಳಿದೆ, ಎದುರು ನಿಂತು ಹೇಳುವ ಧೈರ್ಯ ಆಗಲಿಲ್ಲ.

ಎರಡು ದಿನ ಅವಳು ನನ್ನ ತುಟಿಯ ಕಡೆ ನೋಡಲಿಲ್ಲ. ಅಡುಗೆ ಮಾಡಿಡುತ್ತಿದ್ದಳು, ನಾನು ಉಣ್ಣುತ್ತಿದ್ದೆ. ತಮ್ಮ ನಮ್ಮಿಬ್ಬರ ನಡುವೆ ಓಡಾಡಿ ಏದುಸಿರು ಬಿಡುತ್ತಿದ್ದ. ಮೂರನೆಯ ದಿನ ನಾನೇ ಹೋಗಿ ಯಂತ್ರದ ಆಚೆ ಬದಿ ನೆಲಕ್ಕೆ ಕೂತೆ, ತಲೆ ಎತ್ತಿದರೆ ನಾನು ಕಾಣಲೇಬೇಕು ಎನ್ನುವ ಹಾಗೆ. ಅವಳು ತೋಳು ಹೊಲಿದು ಮುಗಿಸಿ ತಲೆ ಎತ್ತಿದಳು. “ತಪ್ಪಾತು ಅಕ್ಕಾ” ಎಂದೆ. “ಡಾಕ್ಟರು ಇನ್ನೊಂದು ಮಾತು ಹೇಳಿದ್ರು, ನಾ ಬಿಟ್ಟೆ” ಎಂದು ಶ್ವಾಸಕೋಶದ ನೀರಿನ ಮಾತನ್ನೂ ಹೇಳಿದೆ. ಅವಳು ತಮ್ಮನ ಕಿವಿ ಸವರಿದಳು. ಆಮೇಲೆ, “ಬೆಲ್ಟಿಗೆ ಗೊತ್ತಿಲ್ಲದಾಗ ಗೊತ್ತಿಲ್ಲ ಅನ್ನಬೇಕು. ಅದಕ್ಕೊಂದು ದೀಪ ಇಡು” ಎಂದಳು.

ಕಾರ್ಖಾನೆಯಲ್ಲಿ ನಾನು ಎಲ್ಲರಿಗೂ ಪಾಠ ಹೇಳುವ ದೀಪ ಅದು. ಆ ಸಂಜೆಯೇ ಒಂದು ಹಳದಿ ಎಲ್‌ಇಡಿ ಬೆಸೆದೆ. ಬೆಲ್ಟು ಪಕ್ಕೆಯನ್ನು ಸರಿಯಾಗಿ ಮುಟ್ಟದಿದ್ದರೆ ಕೆಂಪು ಆರಿ ಹಳದಿ ಹತ್ತಬೇಕು. ಸರಿಯಾಗಿ ಮುಟ್ಟಿಯೂ ಬಡಿತ ಸಿಗದಿದ್ದರೆ ಹಳದಿಯೂ ಹತ್ತಬಾರದು. ಪ್ರೋಗ್ರಾಮಿನಿಂದ ಸರಾಸರಿಯ ಸಾಲುಗಳನ್ನೆಲ್ಲ ಅಳಿಸಿದೆ. ಅಕ್ಕ ಮೊದಲು ದಿಂಬಿಗೆ ಕಟ್ಟಿ ನೋಡಿದಳು. ಹಳದಿ ಹತ್ತಿತು. ಆಮೇಲೆ ತಮ್ಮನಿಗೆ ಕಟ್ಟಿದಳು.

ಮುಂದಿನ ದಿನಗಳಲ್ಲಿ ಹಳದಿ ಎಷ್ಟೋ ಸಲ ಹತ್ತಿತು, ಅವಳು ಬೆಲ್ಟು ಸರಿಮಾಡಿ ತನ್ನ ಕೆಲಸಕ್ಕೆ ಮರಳುತ್ತಿದ್ದಳು. ಅವಳು ಹೆದರುತ್ತಾಳೆ ಎಂದು ನಾನು ಹೆದರಿದ್ದು ಎಷ್ಟು ಅನಾವಶ್ಯಕವಾಗಿತ್ತು ಎಂದು ನಾಚಿಕೆಯಾಗುತ್ತಿತ್ತು. ಬಡಿತ ತಡವರಿಸತೊಡಗಿದಾಗ ಅವಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಕಪ್ಪು ಅಸ್ತರಿನ ತುಂಡಿನ ಮೇಲೆ ಅದರ ಸಾಲು ಬರೆದಿಡುತ್ತಿದ್ದಳು. ಸರಿ ಬಡಿತಕ್ಕೆ ಚುಕ್ಕಿ, ತಪ್ಪಿದ್ದಕ್ಕೆ ಖಾಲಿ ಜಾಗ. ಒಂದು ವಾರದ ತುಂಡುಗಳನ್ನು ಸುತ್ತಿಕೊಂಡು ಹೋಗಿ ಡಾಕ್ಟರರ ಮೇಜಿನ ಮೇಲೆ ಹಾಸಿದಳು. ಡಾಕ್ಟರು ಬಗ್ಗಿ ಬೆರಳಿಟ್ಟು ಒಂದೊಂದೇ ಸಾಲು ನೋಡಿದರು. ಅದೇ ಹೊತ್ತಿಗೆ ತಮ್ಮನ ಎದೆಗೂ ಯಂತ್ರ ಹಚ್ಚಿ ನೋಡಿ ಮಾತ್ರೆ ಬದಲಿಸಿದರು. “ಇವರಿಗೆ ಹೇಳಿ,” ಎಂದರು ನನಗೆ, “ಹೆಚ್ಚು ದಿನ ಇಲ್ಲ. ಆದರೆ ಇವರು ನೋಡುತ್ತಿರುವುದರಿಂದ ಇದ್ದಷ್ಟು ದಿನ ಕಷ್ಟವಾಗುವುದಿಲ್ಲ.” ನನ್ನ ತುಟಿ ಎಂದಿನಂತೆ ಎರಡನೆಯ ಅರ್ಧವನ್ನು ಮಾತ್ರ ಹೇಳಲು ಸಿದ್ಧವಾಗಿತ್ತು. ಎರಡನ್ನೂ ಹೇಳಿದೆ. ಅಕ್ಕ ತಲೆಯಾಡಿಸಿ ಅಸ್ತರಿನ ತುಂಡುಗಳನ್ನು ಮಡಚಿಕೊಂಡಳು.

ಮಳೆಗಾಲ ಕಳೆಯಿತು, ದೀಪಾವಳಿಯ ರವಕೆಗಳ ಗಡಿಬಿಡಿಯೂ ಕಳೆಯಿತು. ಒಂದು ಸಂಜೆ ಬಸ್ಸಿಳಿದು ಮನೆಗೆ ಬಂದಾಗ ಬಾಗಿಲು ತೆರೆದೇ ಇತ್ತು. ಅಕ್ಕ ಹೊಸ್ತಿಲಲ್ಲಿ ನಿಂತಿದ್ದಳು. ಒಳಗೆ ಯಂತ್ರದ ಪಕ್ಕದಲ್ಲಿ ತಮ್ಮನನ್ನು ಬಿಳಿ ಬಟ್ಟೆಯಲ್ಲಿ ಮಲಗಿಸಿದ್ದು ಕಂಡಿತು. ನಾನು ಬಾಯಿ ತೆರೆಯುವ ಮೊದಲು ಅವಳೇ ಹೇಳಿದಳು: “ತಮ್ಮ ಹೋದ. ಮಧ್ಯಾಹ್ನ ಊಟ ಆದಮ್ಯಾಲ. ಮೊದಲ ದೀಪ ಭಾಳ ಓಡಿದ್ವು. ಆಮ್ಯಾಲ ತಡಾ ತಡಾ ಬಂದ್ವು. ಆಮ್ಯಾಲ ಬರಲಿಲ್ಲ. ಹಳದಿ ಹತ್ತಲಿಲ್ಲ. ಅಂವನ ತಲಿ ನನ್ನ ತೊಡಿಮ್ಯಾಲ ಇತ್ತು.”

ನನಗೆ ಯಾಕೆ ತಿಳಿಸಲಿಲ್ಲ ಎಂದು ಕೇಳಿದೆ. “ನೀ ಓಡಿ ಬಂದಿದ್ರೂ ಮುಟ್ಟತಿದ್ದಿಲ್ಲ. ನಾ ನೋಡಬೇಕಿತ್ತು, ನೋಡಿದೆ” ಎಂದಳು. ನಾನು ಚಪ್ಪಲಿಯನ್ನೂ ಬಿಡದೆ ಅಲ್ಲಿಯೇ ಕೂತು ಅತ್ತೆ. ಅವಳು ನನ್ನ ಬೆನ್ನು ಸವರಿದಳು. ಅಳು ನಿಂತ ಮೇಲೆ ಫೋನು ತಂದು ನನ್ನ ಕೈಗೆ ಕೊಟ್ಟಳು.

“ಡಾಕ್ಟರಬಾಯಿಗೆ ಹೇಳು. ನಾ ಹೇಳಿದಷ್ಟ ಹೇಳು.”

ನಾನು ಹೇಳಿದೆ. ಮೊದಲು ಓಡಿದ್ದು, ಆಮೇಲೆ ತಡವಾದದ್ದು, ಹಳದಿ ಹತ್ತದಿದ್ದದ್ದು, ತೊಡೆಯ ಮೇಲೆ ತಲೆಯಿದ್ದದ್ದು, ಎಲ್ಲವನ್ನೂ ಮರಾಠಿಯಲ್ಲಿ, ಅವಳು ಹೇಳಿದ ಸಾಲಿನಲ್ಲೇ. ಅಕ್ಕ ಎದುರಿಗೆ ಕೂತು ತನಗೆ ತಿಳಿಯದ ಭಾಷೆಯ ತುಟಿಯನ್ನು ನೋಡುತ್ತಿದ್ದಳು. ಡಾಕ್ಟರು ಎಲ್ಲ ಕೇಳಿಸಿಕೊಂಡು, ನಿಮ್ಮ ಅಕ್ಕ ಹೇಗಿದ್ದಾರೆ ಎಂದು ಕೇಳಿದರು. ಆರಾಮಾಗಿದ್ದಾಳೆ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಅಕ್ಕನ ಕಡೆ ತಿರುಗಿದೆ.

“ನೀ ಹೆಂಗಿದ್ದಿ ಅಂತ ಕೇಳ್ತಾರ.”

ಅವಳು ಯೋಚಿಸಿ ಹೇಳಿದಳು, “ಭಾಳ ಸಂಕಟ ಆಗೇದ ಅಂತ ಹೇಳು.”

ಅಷ್ಟನ್ನೇ ಹೇಳಿದೆ.